ಸಿದ್ದಲಿಂಗವ್ವನ ಎಡಗೈ

ಬಾದಾಮಿ
೮ ಜುಲೈ ೨೦೨೪

ಪ್ರಿಯ ಪದ್ಮಾ,

‘ನೂಲಿಗೆ ನೆನಪಿದೆ, ಬೆರಳು ಮರೆತ ದಾರಿ’ ಎಂದಿತ್ತಲ್ಲವೇ ಆ ಸಾಲು? ಅಥವಾ ‘ಬೆರಳಿಗೆ ನೆನಪಿದೆ, ನೂಲು ಮರೆತ ದಾರಿ’ ಎಂದಿತ್ತೋ? ಧಾರವಾಡದ ಹಾಸ್ಟೆಲಿನಲ್ಲಿ ನಮ್ಮ ಕೋಣೆಯ ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿ ಹೋಗಿದ್ದರು. ಎಂ.ಎ. ಮುಗಿಯುವವರೆಗೂ ಅದರ ಕೆಳಗೇ ಮಲಗಿದವಳು ನಾನು, ಈಗ ಸರಿಯಾಗಿ ನೆನಪಾಗುತ್ತಿಲ್ಲ. ನೂಲಿಗೆ ನೆನಪು ಎಲ್ಲಿಂದ ಬಂದೀತು? ಬೆರಳಿಗಾದರೂ ಹೇಗೆ? ಎಂಥದೋ ಚೆಂದಕ್ಕೆ ಬರೆದ ಸುಳ್ಳು ಎಂದು ಅಂದುಕೊಂಡು ಕೆಲಸಕ್ಕೆ ಹೋದೆ. ಸಾಲು ಮಾತ್ರ ನನ್ನ ಹಿಂದೆಯೇ ಕಾಲೇಜಿನ ಗ್ರಂಥಾಲಯದವರೆಗೂ ಬಂತು.

ನಿನ್ನ ಪತ್ರವೇ ಇದಕ್ಕೆ ಕಾರಣ. ಒಂದೂವರೆ ಪುಟ ಇಳಕಲ್ಲಿನ ಸೆಕೆ, ನಿನ್ನ ಯಜಮಾನ ನಾಗಲಿಂಗಣ್ಣನ ಹಲ್ಲುನೋವು. ಕೊನೆಗೆ ಒಂದೇ ಸಾಲು: ‘ಎಡಗೈ ಈಗೀಗ ನನ್ನ ಮಾತು ಕೇಳುತ್ತಿಲ್ಲ.’ ಮುಂದೆ ಸಹಿ. ಹೀಗೆಲ್ಲ ಬರೆದು ಸುಮ್ಮನಾಗುವುದು ಯಾವ ನ್ಯಾಯ?

ಫೋನಿನಲ್ಲಿ ಕೇಳಿದರೆ ನೀನು ‘ಆರಾಮ ಅದೀನಿ’ ಎನ್ನುತ್ತೀ. ನಿನ್ನ ಮೊಬೈಲು ಮಾತಾಡಿದರೆ ಓಣಿಗೆಲ್ಲ ಕೇಳಿಸುತ್ತದೆ ಎಂಬುದೂ ಗೊತ್ತು. ಅದಕ್ಕೇ ತಾನೆ ನಾವಿನ್ನೂ ಅಂಚೆಯವನನ್ನು ಕಾಯುವುದು. ಶ್ರಾವಣ ಬಂದರೆ ನಿನ್ನ ಅತ್ತೆ ಹೋಗಿ ವರ್ಷವಾಗುತ್ತದೆ. ಅವರ ಮಗ್ಗ ಇನ್ನೂ ಹಾಗೇ ಇದೆಯೇ? ಕೈಗೆ ಏನಾಗಿದೆ? ಬಿಡಿಸಿ ಬರೆ.

ನಿನ್ನ
ಶೀಲಾ


ಇಳಕಲ್
೧೬ ಜುಲೈ ೨೦೨೪

ಶೀಲಾ,

ನೀನು ನಗುತ್ತೀಯೆಂದು ಬರೆದಿರಲಿಲ್ಲ. ಈಗ ಊರೇ ನೋಡಿದ ಮೇಲೆ ನಿನಗೇನು ಮುಚ್ಚುಮರೆ.

ಕಾರಹುಣ್ಣಿಮೆ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದೆ. ಎಡಗೈ ತಾನಾಗಿಯೇ ಮೊರದಿಂದ ಮೇಲೆದ್ದು, ಹೊರಗೆ ಚಿಮ್ಮಿ, ಕೆಳಗೆ ಜಗ್ಗಿತು. ಅಕ್ಕಿಯೆಲ್ಲ ಚೆಲ್ಲಿತು. ಬಲಗೈಯಿಂದ ಹಿಡಿದುಕೊಂಡೆ, ಬಿಡಿಸಿಕೊಂಡು ಮತ್ತೆ ಜಗ್ಗಿತು. ಇವರು ಎದುರಿಗೇ ನೂಲು ಸುತ್ತುತ್ತಿದ್ದರು. ರಾಟಿ ನಿಲ್ಲಿಸಿ ನೋಡಿದರು. ಅವರ ಬಾಯಿಂದ ಒಂದೇ ಮಾತು ಬಂತು: ‘ಅವ್ವಾ.’

ನಿನಗೆ ಮಗ್ಗ ತಿಳಿಯದು, ಹೇಳುತ್ತೇನೆ. ನಾವೆಲ್ಲ ಬಲಗೈಯಿಂದ ಹಗ್ಗ ಜಗ್ಗುತ್ತೇವೆ, ಲಾಳಿ ಆ ಕಡೆಯಿಂದ ಈ ಕಡೆ ಓಡುತ್ತದೆ. ಎಡಗೈಯಿಂದ ಹಲಗೆ ಎಳೆದು ಎಳೆಯನ್ನು ಬಡಿಯುತ್ತೇವೆ. ಅತ್ತೆ ಎಡಚಿ. ಈ ಓಣಿಯಲ್ಲಿ ಎಡಗೈಯಿಂದ ಹಗ್ಗ ಜಗ್ಗುತ್ತಿದ್ದವರು ಅವರೊಬ್ಬರೇ. ಜಗ್ಗಿ ಬಿಡುವಾಗ ಮಣಿಕಟ್ಟನ್ನು ಹೊರಗೆ ಒಂದು ಸಲ ತಿರುವುತ್ತಿದ್ದರು. ನನ್ನ ಕೈ ಮಾಡುತ್ತಿರುವುದು ಅದನ್ನೇ. ತಿರುವು ಸಹಿತ.

ಸಂಜೆಯೊಳಗೆ ಪಡಸಾಲೆ ತುಂಬಿತು. ಎಲ್ಲರೂ ಕೈ ಮುಗಿದರು. ಎದುರು ಮನೆಯ ರಂಗವ್ವ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ‘ಏನ ಸಿದ್ದಲಿಂಗಿ, ಸತ್ತ ಮ್ಯಾಲೂ ಮಗ್ಗ ಬಿಡವಲ್ಲಿ? ಅಲ್ಲೇರ ಒಂದೀಟು ಆರಾಮ ಕುಂದ್ರಬಾರದ?’ ಎಂದಳು. ನಾನೇ ನಕ್ಕುಬಿಟ್ಟೆ.

ಹೌದು, ಆ ಮಗ್ಗ ಹಾಗೇ ಇದೆ. ಸೀರೆಯ ಒಡಲು ಮುಗಿದು ಸೆರಗು ಉಳಿದಿದೆ. ಅದನ್ನು ಮುಗಿಸಲು ಬಂದಿದ್ದಾರೆ ಎಂದು ಇವರು ಹೇಳುತ್ತಾರೆ. ಅತ್ತೆಗೆ ಬೆಲ್ಲದ ಮಾದಲಿ ಎಂದರೆ ಪ್ರಾಣ. ದಿನಾ ದೀಪ ಹಚ್ಚಿದ ಮೇಲೆ ಮಾದಲಿ, ಹಾಲು, ತುಪ್ಪ. ಅವರ ಪಾಲನ್ನು ನಾನೇ ಉಣ್ಣಬೇಕು, ಬಾಯಿ ನನ್ನದಲ್ಲವೇ. ಅವರು ಮಗ್ಗದ ಪಕ್ಕ ತಂಬಿಗೆ ಇಟ್ಟುಕೊಂಡು ಕುಡಿಯುತ್ತಿದ್ದರು. ನಾನೀಗ ಕೊಡ ಖಾಲಿ ಮಾಡುತ್ತೇನೆ, ಆದರೂ ನಾಲಿಗೆ ಒಣಗಿಯೇ ಇರುತ್ತದೆ. ಅವರಂತೆಯೇ ಸೊರಗಿದ್ದೇನೆ, ರವಿಕೆಗಳೆಲ್ಲ ಸಡಿಲ. ಬಚ್ಚಲಲ್ಲಿ ಇರುವೆ ಸಾಲುಗಟ್ಟಿವೆ. ‘ಅವೂ ಅವ್ವನ್ನ ನೋಡಾಕ ಬಂದಾವು’ ಎಂದು ಇವರು ತಮಾಷೆ ಮಾಡುತ್ತಾರೆ.

ನಾನು ಮಲಗಿದರೆ ಕೈಯೂ ಮಲಗುತ್ತದಂತೆ. ಬದುಕಿದ್ದಾಗಲೂ ಹಾಗೆಯೇ, ನನ್ನ ನಿದ್ದೆ ಕೆಡಿಸಿದವರಲ್ಲ.

ಹೆದರಿಕೆಯಿಲ್ಲ ಶೀಲಾ. ಮಕ್ಕಳಾಗಲಿಲ್ಲವೆಂದು ಓಣಿ ಒಂದೊಂದು ಮಾತು ಆಡಿದಾಗ ಒಂದೂ ಆಡದವರು ಅವರು. ಎದುರುಬದುರು ಮಗ್ಗದಲ್ಲಿ ಕೂತು ಅಷ್ಟು ವರ್ಷ ಕಳೆದೆವು. ಈಗ ಅವರು ಕಾಲಿಳಿಬಿಟ್ಟು ಕೂರುತ್ತಿದ್ದ ಮಗ್ಗದ ಕುಣಿಯಲ್ಲಿ ಯಾರೂ ಇಲ್ಲದೆ ನನ್ನ ಲಾಳಿಯ ಸಪ್ಪಳ ನನಗೇ ಸಹಿಸಲಾರದಂತಾಗಿತ್ತು. ಸುಳ್ಳೇಕೆ, ಸುಖವಾಗಿದೆ.

ಪದ್ಮಶ್ರೀ


ಬಾದಾಮಿ
೨೪ ಜುಲೈ ೨೦೨೪

ಪ್ರಿಯ ಪದ್ಮಾ,

ನಗಲಿಲ್ಲ. ನಿನ್ನ ಪತ್ರವನ್ನು ಕೆರೆಯ ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ಓದಿದೆ. ಒಂದು ಮಂಗ ಪಕ್ಕಕ್ಕೆ ಬಂದು ಕೂತು, ತಿನ್ನುವುದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಎದ್ದು ಹೋಯಿತು.

ಇಷ್ಟು ವರ್ಷ ಕವಿತೆ ಓದಿದವಳು ನಾನು, ಬದುಕುತ್ತಿರುವವಳು ನೀನು. ‘ಬಾಯಿ ನನ್ನದಲ್ಲವೇ’ ಎಂದು ಬರೆದಿದ್ದೀಯಲ್ಲ, ಅಂಥ ಸಾಲನ್ನು ನಾನು ಈ ಜನ್ಮದಲ್ಲಿ ಬರೆಯಲಾರೆ. ದುಃಖ ಕಣ್ಣಿನಿಂದಲೇ ಹರಿಯಬೇಕೆಂದು ಯಾರು ಹೇಳಿದರು? ನಿನ್ನ ದುಃಖಕ್ಕೆ ಒಂದು ಕೈ ಸಿಕ್ಕಿದೆ. ಇರುವೆಗಳೂ ದರ್ಶನಕ್ಕೆ ಬರುತ್ತವೆ! ನಾಗಲಿಂಗಣ್ಣನಿಗೆ ಹೇಳು, ಆತನೂ ಕವಿಯೇ.

ಒಂದು ಮಾತು ಹೇಳಲೇ? ನನಗೆ ಹೊಟ್ಟೆಕಿಚ್ಚಾಯಿತು. ನಮ್ಮವ್ವ ತೀರಿದ ಮೇಲೆ ಅವಳು ಕನಸಿನಲ್ಲಿ ಕೂಡ ಬಂದಿಲ್ಲ. ಅವಳ ಕೌದಿ ಹೊದ್ದು ಮಲಗುತ್ತೇನೆ, ವಾಸನೆಯೂ ಹೋಗಿದೆ.

ಕೈಯನ್ನು ಹಿಡಿಯಬೇಡ. ಬಲಗೈಯಿಂದ ಕಟ್ಟಿಹಾಕಬೇಡ. ಮಗ್ಗದಲ್ಲಿ ಕೂತು ನೋಡು, ಅವರಿಗೆ ಬೇಕಾದದ್ದು ಅದೇ ಇದ್ದರೆ? ಸೆರಗು ಮುಗಿದ ದಿನ ನಾನು ಬಂದು ನೋಡುತ್ತೇನೆ.

ಬರೆಯುತ್ತಿರು. ಉದ್ದವಾಗಿ ಬರೆ.

ಶೀಲಾ


ಇಳಕಲ್
೪ ಆಗಸ್ಟ್ ೨೦೨೪

ಶೀಲಾ,

ನೀನು ಹೇಳಿದಂತೆ ಕೂತೆ. ಇವರು ಕುಣಿಯ ಅಂಚಿಗೆ ಕುಂಕುಮ ಹಚ್ಚಿದರು. ಕೈಗೆ ಹಗ್ಗ ಕೊಟ್ಟರು. ಕೈ ಜಗ್ಗಿತು, ಲಾಳಿ ಹಾರಿ ಗೋಡೆಗೆ ಬಡಿಯಿತು. ಎರಡನೆಯ ಸಲ ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳಿಗೇ ಕೈ ಬಿತ್ತು. ಅಂಗೈಯಗಲ ಹರಿದು ಹೋದವು.

ಅತ್ತೆ ಎಂದೂ ಎಳೆ ಹರಿದವರಲ್ಲ.

ಇದನ್ನು ನಾನು ಇವರ ಮುಂದೆ ಹೇಳಲಿಲ್ಲ. ಇವರು, ‘ಅವ್ವಗ ಸಿಟ್ಟು ಬಂದೈತಿ, ನಾವು ವರ್ಷಪೂರ್ತಿ ಮಗ್ಗ ಮುಟ್ಟಲಿಲ್ಲಲ್ಲ. ನಾಳಿಂದ ಎರಡ ಹೊತ್ತು ಮಾದಲಿ ಮಾಡೂಣು’ ಎಂದರು. ಶಕ್ತಿ ಬರಲೆಂದು ಔಷಧಿ ಅಂಗಡಿಯಿಂದ ಟಾನಿಕ್ಕು ತಂದಿದ್ದಾರೆ. ಅದೂ ಸಿಹಿ.

ಈಗ ಕಾಲೂ ಒದೆಯುತ್ತದೆ. ಬಾಗಿಲ ಚೌಕಟ್ಟಿಗೆ ಬಡಿದು ಮೊಣಕೈ ನೀಲಿಯಾಗಿದೆ. ಎದ್ದರೆ ನಿದ್ದೆ, ಕೂತರೆ ನಿದ್ದೆ. ಈ ಪತ್ರವನ್ನು ನಿನ್ನೆ ಶುರುಮಾಡಿದ್ದು. ಒಲೆಯ ಮೇಲಿನ ಪಾತ್ರೆಗೆ ಏನನ್ನುತ್ತಾರೆ ಎಂದು ಬೆಳಿಗ್ಗೆ ಬಹಳ ಹೊತ್ತು ಯೋಚಿಸಿದೆ. ಬರಲಿಲ್ಲ.

ಹನ್ನೆರಡನೇ ತಾರೀಖು ಸೋಮವಾರ ಕೂಡಲಸಂಗಮಕ್ಕೆ ಕರೆದೊಯ್ಯುತ್ತಾರಂತೆ. ಹೊಳೆಯಲ್ಲಿ ಮುಳುಗಿಸಿದರೆ ಅತ್ತೆ ಶಾಂತರಾಗುತ್ತಾರೆ ಎಂದು ಯಾರೋ ಹೇಳಿದ್ದಾರೆ.

ನೀರು ಎಂದ ಕೂಡಲೇ ಬಾಯಾರಿತು. ನಿಲ್ಲಿಸುತ್ತೇನೆ.

ಪ


ಬಾದಾಮಿ
೯ ಆಗಸ್ಟ್ ೨೦೨೪, ಸಂಜೆ

ಪದ್ಮಾ,

ಈ ಪತ್ರಕ್ಕಿಂತ ಮೊದಲು ನಾನೇ ಬಂದಿರುತ್ತೇನೆ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ಕೈ ಸುಮ್ಮನಿರಲಾರದು, ಅದಕ್ಕೆ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿ ಇವತ್ತು ಆರೋಗ್ಯ ತಪಾಸಣೆಯಿತ್ತು. ನನ್ನ ರಕ್ತ ತೆಗೆಯುತ್ತಿದ್ದ ಡಾಕ್ಟರಮ್ಮ, ಹುನಗುಂದದ ಕಡೆಯವರು, ಮಾತಿನವರು. ನಿನ್ನ ಕಥೆ ಹೇಳಿದೆ. ಹೆಮ್ಮೆಯಿಂದ ಹೇಳಿದೆ ಪದ್ಮಾ, ಒಂದು ಅಪರೂಪದ ಕವಿತೆಯನ್ನು ಹೇಳುವ ಹಾಗೆ. ಅವರು ಹತ್ತಿ ಒತ್ತಿ ಹಿಡಿದವರು ಹಾಗೇ ನಿಂತರು.

‘ಅವರಿಗೆ ನೀರಡಿಕಿ ಭಾಳ ಐತೇನ್ರಿ?’

‘ಕೊಡಗಟ್ಟಲೆ ಕುಡಿತಾಳ್ರಿ.’

‘ಸೊರಗ್ಯಾರ?’

‘ಹೌದ್ರಿ.’

‘ಬಚ್ಚಲದಾಗ ಇರಬಿ ಅಂದ್ರಲ್ಲ. ಶುಗರ್ ಯಾವಾಗರೆ ತೋರಿಸ್ಯಾರ?’

ನಾನು ಪೆದ್ದಿಯ ಹಾಗೆ, ಕೈಗೂ ಶುಗರಿಗೂ ಏನು ಸಂಬಂಧ ಎಂದು ಕೇಳಿದೆ.

‘ಶುಗರ್ ವಿಪರೀತ ಏರಿ ಹಂಗ ನಿಂತರ ಮಿದುಳಿಗೂ ತ್ರಾಸ ಆಗತೈತ್ರಿ. ಕೆಲವರಿಗೆ ಒಂದ ಕಡಿ ಕೈಕಾಲು ಹಿಂಗ ತಾವಾಗೇ ಕುಣಿತಾವು. ನಿದ್ದಿ ಹತ್ತಿದರ ನಿಂದರತಾವು. ಮಂಪರು ಬರಾಕತ್ತೈತಿ ಅಂದರ ಮುಂದ ಎಚ್ಚರ ತಪ್ಪತಾರ, ಜೀವಕ್ಕೂ ಕುತ್ತು. ಅವರಿಗೆ ದಿನಾ ಬೆಲ್ಲ ತಿನಸಾಕತ್ತಾರ, ನೀವು ಇಲ್ಲಿ ನನಗ ಕಥಿ ಹೇಳಾಕತ್ತೀರಿ?’

ಮನೆಗೆ ಬಂದರೆ ಬಾಗಿಲ ಸಂದಿಯಲ್ಲಿ ನಿನ್ನ ನಾಲ್ಕನೇ ತಾರೀಖಿನ ಪತ್ರ. ಕೆಳಗೆ ಹೆಸರು ಕೂಡ ಪೂರ್ತಿ ಬರೆದಿಲ್ಲ ನೀನು.

ಫೋನು ಮಾಡಿದೆ. ನಾಗಲಿಂಗಣ್ಣ ಎತ್ತಿದ. ದನಿ ತಗ್ಗಿಸಿ, ‘ಮಲಗ್ಯಾಳ್ರಿ ಅಕ್ಕಾರ’ ಎಂದ. ಬೆಲ್ಲ ಕೊಡಬೇಡಿ, ಈಗಲೇ ದವಾಖಾನೆಗೆ ಒಯ್ಯಿರಿ ಎಂದೆ. ದನಿ ಇನ್ನೂ ತಗ್ಗಿಸಿ, ‘ಅವ್ವನೂ ಮಲಗ್ಯಾಳ’ ಎಂದ.

ಎದ್ದಿರು ಪದ್ಮಾ. ನಾನು ಬರುವವರೆಗೆ ಎದ್ದಿರು.

ಶೀಲಾ


ಬಾಗಲಕೋಟೆ
೨೧ ಆಗಸ್ಟ್ ೨೦೨೪

ಪ್ರಿಯ ಶೀಲಾ,

ಬಲಗೈಯಿಂದಲೇ ಬರೆಯುತ್ತಿದ್ದೇನೆ, ಆದರೆ ಅಕ್ಷರ ನೋಡು, ಒಂದನೇ ಇಯತ್ತೆಯವು. ನರ್ಸು ಕಾಗದ ಕೊಟ್ಟಳು. ನಾಳೆ ಮನೆಗೆ ಕಳಿಸುತ್ತಾರೆ.

ನೀನು ಬಂದದ್ದು ನನಗೆ ಚೂರುಚೂರು ನೆನಪಿದೆ. ಬಾಗಿಲಲ್ಲಿ ನಿನ್ನ ಚಪ್ಪಲಿ ಸಪ್ಪಳ. ಇವರು, ‘ಸಂಗಮಕ್ಕ ಹೋಗಿ ಬಂದು ದವಾಖಾನಿಗೆ ಒಯ್ಯತೇನ್ರಿ’ ಎಂದದ್ದು. ‘ಸೋಮವಾರತನಾ ಇಕಿ ಇದ್ದರಲ್ಲ ಅಣ್ಣಾರ?’ ಎಂದು ನೀನು. ಆಮೇಲೆ ಇವರ ಅಳುವ ದನಿ: ‘ಅವ್ವ ಬಂದಾಳ್ರಿ. ಅವ್ವನ ಕೈಗೆ ಸೂಜಿ ಚುಚ್ಚಸ್ಲೇನು?’

ನೀನು ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ. ಇವರೇ ಇಲ್ಲಿ ಹಾಸಿಗೆಯ ಪಕ್ಕ ಕೂತು ಹೇಳಿದರು. ‘ಖರೇನ ಸಿದ್ದಲಿಂಗವ್ವ ಆಗಿದ್ದರ, ಸೊಸಿ ಸಲುವಾಗಿ ಒಂದ ಸೂಜಿ ತಡಕೊಳ್ಳೂದಿಲ್ಲೇನ್ರಿ?’ ಎಂದೆಯಂತೆ. ಆಗಲೇ ಇವರು ಗಾಡಿ ತರಲು ಓಡಿದ್ದು. ಹುನಗುಂದ ಯಾವಾಗ ದಾಟಿದೆವೋ ಗೊತ್ತಿಲ್ಲ.

ಸಕ್ಕರೆ ಐನೂರು ದಾಟಿತ್ತಂತೆ. ತಲೆಯ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಲಗಡೆ ಒಳಗೆ ಒಂದು ಕಡೆ ಬೆಳ್ಳಗಿದೆ, ಹಾಲು ಚೆಲ್ಲಿದ ಹಾಗೆ. ‘ಇಲ್ಲಿಂದ ಬರೂದ್ರಿ ಆ ಕೈಯಾಟ’ ಎಂದರು ಡಾಕ್ಟರು. ಇವರು ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಅವರ ಅವ್ವನ ಮುಖ ಹುಡುಕುತ್ತಿದ್ದರೋ ಏನೋ.

ಕೈ ಈಗ ನಿಧಾನವಾಗಿದೆ. ಆಗೊಮ್ಮೆ ಈಗೊಮ್ಮೆ ಒಂದು ಸಣ್ಣ ಜಗ್ಗು. ವಯಸ್ಸಾದವರು ಮಗ್ಗದಿಂದ ಏಳುವ ಮೊದಲು ಹಾಗೇ ಮಾಡುತ್ತಾರೆ.

ನೀನು ನನ್ನ ಜೀವ ಉಳಿಸಿದೆ. ಇಷ್ಟೇ ಬರೆಯಬಲ್ಲೆ.

ಪದ್ಮಶ್ರೀ


ಬಾದಾಮಿ
೨ ಸೆಪ್ಟೆಂಬರ್ ೨೦೨೪

ಪ್ರಿಯ ಪದ್ಮಾ,

ಮನೆಗೆ ಬಂದೆಯೆಂದು ನಾಗಲಿಂಗಣ್ಣ ಹೇಳಿದ. ಕೈ ಪೂರ್ತಿ ನಿಂತಿತಂತೆ! ನಾನು ಗ್ರಂಥಾಲಯದಲ್ಲಿ ಎಲ್ಲರಿಗೂ ಪೇಢೆ ಹಂಚಬೇಕೆಂದುಕೊಂಡು, ಸಿಹಿಯ ಮೇಲೆ ಸಿಟ್ಟು ಬಂದು ಚುರುಮುರಿ ತರಿಸಿದೆ.

ಇನ್ಸುಲಿನ್ನು ತಪ್ಪಿಸಬೇಡ. ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ. ಸಂಜೆ ನಡೆ. ನಾನೀಗ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ನಿನ್ನ ಹಾಗೆ ಕೈ ಕುಣಿದವರು ದೇಶದೇಶಗಳಲ್ಲಿ ಇದ್ದಾರೆ. ಅವರಾರ ಮನೆಯಲ್ಲೂ ಮಗ್ಗವಿರಲಿಲ್ಲ. ನೋಡು, ಎಷ್ಟು ಸರಳ. ಅಲ್ಲಿ ಯಾರೂ ಇರಲಿಲ್ಲ ಪದ್ಮಾ. ಸಕ್ಕರೆಯಿತ್ತು, ಅಷ್ಟೇ. ನಾವು ಕವಿತೆ ಓದಿ ಕೆಟ್ಟವರು, ಅದರಲ್ಲಿ ಮನುಷ್ಯರನ್ನು ಕಂಡೆವು.

ಇನ್ನು ನಿಶ್ಚಿಂತೆಯಿಂದಿರು. ಬೇಗ ಬರೆ.

ಶೀಲಾ


ಬಾದಾಮಿ
೧೭ ಸೆಪ್ಟೆಂಬರ್ ೨೦೨೪

ಪದ್ಮಾ,

ಉತ್ತರ ಬರಲಿಲ್ಲ. ಫೋನಿನಲ್ಲಿ ‘ಆರಾಮ ಅದೀನಿ’ ಎಂದೆ. ಆ ಮಾತು ಕೇಳಿದಾಗಿನಿಂದ ನನಗೆ ಆರಾಮಿಲ್ಲ.

ಹೋದ ಪತ್ರದಲ್ಲಿ ‘ಯಾರೂ ಇರಲಿಲ್ಲ’ ಎಂದು ಬರೆದೆ. ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗದು, ಅದು ಸುಳ್ಳಲ್ಲ. ಆದರೆ ಬರೆದ ದನಿ ಸರಿಯಿರಲಿಲ್ಲ. ನಮ್ಮವ್ವ ನನ್ನ ಕೈಗೆ ಹಾಗೆ ಬಂದಿದ್ದರೆ, ಯಾವ ಗೆಳತಿ ಬಂದು ಎಳೆದರೂ ನಾನು ಗಾಡಿ ಹತ್ತುತ್ತಿರಲಿಲ್ಲವೇನೋ. ಅದಕ್ಕೇ ಈಗ ಹೆದರಿಕೆ. ನೀನು ಮತ್ತೆ ಏನು ಮಾಡುತ್ತಿದ್ದೀ?

ಒಂದೇ ಸಾಲು ಬರೆದರೂ ಸಾಕು.

ಶೀಲಾ


ಇಳಕಲ್
೨೬ ಸೆಪ್ಟೆಂಬರ್ ೨೦೨೪

ಪ್ರಿಯ ಶೀಲಾ,

ನೀನು ಕೇಳಿದ್ದು ಸರಿ. ಹೇಳುತ್ತೇನೆ, ಬೈಯಬೇಡ.

ಮನೆಗೆ ಬಂದಾಗ ಕೈ ನಿಂತಿತ್ತು. ತೊಡೆಯ ಮೇಲೆ ಇಟ್ಟಲ್ಲಿಯೇ ಇರುತ್ತಿತ್ತು, ಯಾರೋ ಮರೆತು ಬಿಟ್ಟುಹೋದ ಸಾಮಾನಿನ ಹಾಗೆ. ಇವರು ಹರಿದ ಎಳೆಗಳನ್ನು ಒಂದೊಂದಾಗಿ ಗಂಟುಹಾಕುತ್ತ ಕೂತಿರುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ನೋಡಿದರೂ ಮೊದಲು ಕೈ, ಆಮೇಲೆ ನಾನು. ಓಣಿಯ ಹೆಂಗಸರು ಬರುವುದನ್ನು ಬಿಟ್ಟರು. ನಿನ್ನ ಪತ್ರ ಬಂತು. ಯಾರೂ ಇರಲಿಲ್ಲ ಎಂದು ಓದಿದೆ. ಹಾಗಾದರೆ ಆ ದಿನಗಳಲ್ಲಿ ನಾನು ಮಾತಾಡಿದ್ದು ಯಾರ ಕೂಡ? ಹೌದು, ಮಾತಾಡುತ್ತಿದ್ದೆ. ಅದನ್ನು ನಿನಗೆ ಬರೆದಿರಲಿಲ್ಲ. ಇವರು ನೂಲು ತರಲು ಹೋದಾಗ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲ ಹೇಳುತ್ತಿದ್ದೆ. ಅದು ಜಗ್ಗಿದರೆ ‘ಹೂಂ’ ಎಂದಂತೆ.

ಕರೆದರೆ ಬರುತ್ತಾರೇನೋ ಅನಿಸಿತು. ದಾರಿ ಗೊತ್ತಿತ್ತಲ್ಲ, ಡಾಕ್ಟರೇ ಹೇಳಿದ್ದರು. ಸೂಜಿ ಬಿಟ್ಟೆ. ಇವರಿಗೆ ಚುಚ್ಚಿಕೊಂಡೆನೆಂದೆ. ಇವರು ಪೇಟೆಗೆ ಹೋದಾಗ ಮಾದಲಿ ಮಾಡಿ ಒಬ್ಬಳೇ ಉಂಡೆ. ಮರುದಿನವೂ ಉಂಡೆ. ಕುಣಿಯ ಅಂಚಿನಲ್ಲಿ ಕೈ ಇಟ್ಟುಕೊಂಡು ಕಾದೆ.

ಬಾಯಾರಿಕೆ ಬಂತು. ಅತ್ತೆ ಬರಲಿಲ್ಲ.

ತಂಬಿಗೆಯ ಮೇಲೆ ತಂಬಿಗೆ ಕುಡಿಯುವುದನ್ನು ನೋಡಿ ಇವರಿಗೆ ಗೊತ್ತಾಯಿತು. ಮಾದಲಿಯ ಬೋಗುಣಿ ಎತ್ತಿ ಹಿತ್ತಿಲಿಗೆ ಎಸೆದರು. ಹೊಡೆಯುತ್ತಾರೆಂದುಕೊಂಡೆ. ಇವರು ಇನ್ಸುಲಿನ್ನಿನ ಪೆಟ್ಟಿಗೆ ಹಿಡಿದು ನನ್ನ ಎದುರು ನೆಲಕ್ಕೆ ಕೂತರು. ‘ಅವ್ವ ಹ್ವಾದಳು ಅಂತ ಒಮ್ಮೆ ಅತ್ತೇನಿ, ಆಮ್ಯಾಲೆ ಇನ್ನೊಮ್ಮೆ. ನೀನೂ ಹ್ವಾದರ ಅಳಾಕ ನನ್ನ ಕೂಡ ಯಾರ ಇರತಾರ?’ ಎಂದರು. ಚುಚ್ಚುವಾಗ ಇವರ ಕೈ ನಡುಗುತ್ತಿತ್ತು. ಒಂದು ಗಳಿಗೆ ಅದನ್ನೂ ನಾನು ಬೇರೆಯೇ ಆಸೆಯಿಂದ ನೋಡಿದೆ ಶೀಲಾ. ಆಮೇಲೆ ಅದು ಬರೀ ಹೆದರಿದ ಗಂಡನ ಕೈ ಎಂದು ಗೊತ್ತಾಯಿತು. ಹಿಡಿದುಕೊಂಡೆ.

ಇಷ್ಟಾಗಿ ವಾರವಾಯಿತು. ಸೂಜಿ ಬಿಟ್ಟಿಲ್ಲ. ಆದರೂ ಮಗ್ಗದ ಕೋಣೆಯ ಬಾಗಿಲವರೆಗೆ ಹೋಗಿ ಹಿಂದಕ್ಕೆ ಬರುತ್ತೇನೆ. ಎರಡು ಸಲ ಸತ್ತ ಮನೆಯ ಹಾಗಿದೆ ಅದು. ನೀನು ಹೇಳಿದ್ದೂ ಖರೆ, ನಾನು ಕಂಡದ್ದೂ ಖರೆ. ಎರಡನ್ನೂ ಒಂದೇ ಮಡಿಲಲ್ಲಿ ಇಟ್ಟುಕೊಳ್ಳುವುದು ಹೇಗೆಂದು ಎಂ.ಎ.ಯಲ್ಲಿ ಯಾರೂ ಕಲಿಸಲಿಲ್ಲ.

ಇವತ್ತು ಬೆಳಿಗ್ಗೆ ರಂಗವ್ವ ಬಂದಿದ್ದಳು. ಅವಳ ಬಸುರಿ ಸೊಸೆಗೆ ಕುಬುಸದ ಕಾರ್ಯ ಇಟ್ಟುಕೊಂಡಿದ್ದಾರೆ. ಹಸಿರು ಸೀರೆ, ರವಿಕೆಯ ಖಣ ತಂದು ಹೊಸ್ತಿಲಿನ ಆಚೆಯೇ ನಿಂತಳು. ನಾನೇ ಮೊದಲು ಮುಟ್ಟಿ ಕೊಡಬೇಕಂತೆ.

ಬಸುರಿಯ ಸೀರೆಯನ್ನು ಮಕ್ಕಳಿಲ್ಲದ ನನ್ನ ಕೈಗೆ ಈ ಓಣಿಯಲ್ಲಿ ಯಾರೂ ಕೊಟ್ಟವರಲ್ಲ. ಅತ್ತೆಯ ಕೈ ಎಂದುಕೊಂಡೇ ಬಂದಿದ್ದಾಳೆ ಎಂದು ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ‘ಅತ್ತಿ ಹ್ವಾದಳ ರಂಗಕ್ಕ. ಕೈಯಾಗ ಈಗ ಯಾರೂ ಇಲ್ಲ’ ಎಂದೆ.

ರಂಗವ್ವ ಸೀರೆಯನ್ನು ಕಂಕುಳಿಗೆ ಇರುಕಿಕೊಂಡು, ಬಾಗಿಲಲ್ಲೇ ನಿಂತು, ನನ್ನ ಸೆರಗು ಸರಿಸಿದಳು.

‘ಅಕಿನ್ನ ಯಾರು ಕೇಳ್ಯಾರ? ಸತ್ತಾಕಿ ಕೈ ಎಷ್ಟ ದಿನ ಅಂತ ಹಿಡಕೊಂಡು ಕುಂದ್ರತಿ? ನಿನ್ನ ಕೈ ತಾ ಇತ್ತಾಗ, ಬೆಚ್ಚಗ ಐತೋ ಇಲ್ಲೋ ನೋಡೂಣು.’